ಹಿಂದಿನ ಸೀಟಿನ ಹೆಲ್ಮೆಟ್ಟು

ಲಕ್ಷ್ಮೀಕಾಂತ ನಮ್ಮ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದವನು ನಲ್ಲಿ ನೀರಿನ ವಿಷಯ ಕೇಳಲಿಲ್ಲ, ಕರೆಂಟಿನ ವಿಷಯವನ್ನೂ ಕೇಳಲಿಲ್ಲ. “ಬಾಗಿಲು ಎಷ್ಟು ಅಗಲ ಐತೆ ಮೇಷ್ಟ್ರೇ?” ಅಂದ. ಮಂಚ ಒಳಗೆ ಹಿಡಿಸುತ್ತೋ ಇಲ್ಲವೋ ಎಂಬ ಚಿಂತೆಯಿರಬೇಕು ಅಂತ ನಾನು ಅಳೆದು ಹೇಳಿದೆ. ಆಮೇಲೆ ನೋಡಿದರೆ ಮಂಚ ಅವನ ಹತ್ತಿರ ಇರಲೇ ಇಲ್ಲ. ಒಳಗೆ ಹೋಗಬೇಕಾಗಿದ್ದದ್ದು ಬುಲೆಟ್ಟು. ಎರಡು ಹಲಗೆ ಜೋಡಿಸಿ ಅದನ್ನು ಹೊಸ್ತಿಲು ದಾಟಿಸಿ, ಗೋಡೆಯ ಪಕ್ಕ ನಿಲ್ಲಿಸಿ, ಉಳಿದ ಜಾಗದಲ್ಲಿ ಚಾಪೆ ಹಾಸಿಕೊಂಡ. ಬಾಡಿಗೆದಾರ ಯಾರು, ಜೊತೆಗಿರುವವರು ಯಾರು ಅಂತ ಕೇಳಿದರೆ ನಾನು ಇವತ್ತಿಗೂ ಬುಲೆಟ್ಟಿನ ಹೆಸರನ್ನೇ ಮೊದಲು ಹೇಳುತ್ತೇನೆ.

ಕುರಿ ಮೇಕೆಗಳಿಗೆ ಕುಡಿಸುವ ಜಂತುಹುಳದ ಔಷಧದ ಕಂಪನಿಯೊಂದಕ್ಕೆ ಅವನು ಈ ಭಾಗದ ಪ್ರತಿನಿಧಿ. ಚಿತ್ರದುರ್ಗದಿಂದ ಬೆಳಿಗ್ಗೆ ಹೊರಟರೆ ಒಂದು ದಿನ ಹಿರಿಯೂರು, ಒಂದು ದಿನ ಹೊಸದುರ್ಗ, ಇನ್ನೊಂದು ದಿನ ಹೊಳಲ್ಕೆರೆ. ಹೈವೇ ಅಗಲ ಮಾಡುತ್ತಿದ್ದ ಕಾಲ ಅದು. ಹೊತ್ತು ಮುಳುಗುವಾಗ ಧೂಳಿನಲ್ಲಿ ಮಿಂದು ಬರುತ್ತಿದ್ದ. ಬಂದವನು ಮೊದಲು ಬುಲೆಟ್ಟಿನ ಮುಖ ತೊಳೆಸಿ ಆಮೇಲೆ ತನ್ನದು ತೊಳೆದುಕೊಳ್ಳುತ್ತಿದ್ದ. ಅದಕ್ಕೂ ಒಂದು ಕ್ರಮವಿತ್ತು. ಕಾದ ಎಂಜಿನ್ನಿಗೆ ತಣ್ಣೀರು ಹುಯ್ಯಬಾರದು, ಲೋಹ ಬಿರಿಯುತ್ತೆ. ಆದ್ದರಿಂದ ಎಂಜಿನ್ ಆರುವ ತನಕ ಇವನೂ ಧೂಳು ಮೆತ್ತಿಕೊಂಡೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನಾನು ಬಚ್ಚಲಿಗೆ ಹೋಗಲು ಅದೇ ದಾರಿ. ಸಿಕ್ಕಿಬೀಳುತ್ತಿದ್ದೆ.

“ಮೇಷ್ಟ್ರೇ, ಟೈರಿಗೆ ಗಾಳಿ ಯಾವಾಗ ಹಿಡಿಸ್ಬೇಕು ಹೇಳ್ರಿ ನೋಡಾಣ?”

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನನ್ನ ಹತ್ತಿರ ಇದ್ದದ್ದು ಸೈಕಲ್ಲು. ಆದರೂ ತಂಪೊತ್ತಿನಲ್ಲೇ ಗಾಳಿ ಹಿಡಿಸಬೇಕೆಂದು ಕಲಿತೆ. ಚೈನನ್ನು ಬೆರಳಲ್ಲಿ ಎತ್ತಿದರೆ ಒಂದಂಗುಲ ಏಳಬೇಕು, ಅದಕ್ಕಿಂತ ಬಿಗಿಯಾದರೂ ಕೇಡು, ಸಡಿಲವಾದರೂ ಕೇಡು ಎಂದು ಕಲಿತೆ. ಗಾಳಿ ಸೋಸುವ ಫಿಲ್ಟರನ್ನು ವಾರಕ್ಕೊಮ್ಮೆ ಕೊಡವಬೇಕೆಂದೂ ಕಲಿತೆ, ಅಂಥದ್ದು ನನ್ನ ಸೈಕಲ್ಲಿನಲ್ಲಿ ಎಲ್ಲಿಯೂ ಇಲ್ಲದಿದ್ದರೂ. ನನ್ನ ಹೆಂಡತಿ ಚಂದ್ರಕ್ಕನ ಹೊಲಿಗೆ ಮೆಷಿನ್ನಿಗೂ, ಎದುರುಮನೆಯವರ ತೊಟ್ಟಿಲ ಸರಪಳಿಗೂ ಅವನ ಸಲಹೆ ಸಿಕ್ಕಿತ್ತು. ಬೀದಿಯ ಜನ ಅವನನ್ನು ಕಂಡರೆ ಕೈಯಲ್ಲಿ ತುರ್ತು ಕೆಲಸವಿದ್ದವರಂತೆ ನಡೆಯುತ್ತಿದ್ದರು. ಅವನಿಗೂ ಗೊತ್ತಿತ್ತು. ಸಲಹೆ ಮುಗಿದರೆ ಎದುರಿನವರು ಹೊರಟುಬಿಡುತ್ತಾರೆ, ಅದಕ್ಕೇ ಅವನು ಮುಗಿಸುತ್ತಿರಲಿಲ್ಲ. ನಲವತ್ತು ದಾಟಿದ್ದ, ತಂದೆ ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು, ಮದುವೆಯಾಗಿರಲಿಲ್ಲ. ಒಂಟಿತನ ಅಂದರೆ ಏನು ಅಂತ ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ, ನಮ್ಮ ಹಿಂದಿನ ಮೆಟ್ಟಿಲ ಮೇಲೆ ದಿನಾ ಸಂಜೆ ನೋಡುತ್ತಿದ್ದೆ.

ಇನ್ನು ಆ ಎರಡನೇ ಹೆಲ್ಮೆಟ್ಟಿನ ವಿಷಯ. ಒಂದು ಹೆಲ್ಮೆಟ್ಟು ಹಾಕುವವನನ್ನೇ ನಮ್ಮ ಜಿಲ್ಲೆ ವಿಚಿತ್ರವಾಗಿ ನೋಡುತ್ತಿದ್ದ ದಿನಗಳಲ್ಲಿ ಇವನು ಎರಡು ಇಟ್ಟುಕೊಂಡಿದ್ದ. ತಲೆಯ ಮೇಲೊಂದು ಕಪ್ಪು, ಹಿಂದಿನ ಸೀಟಿಗೆ ಬೆಲ್ಟಿನಲ್ಲಿ ಬಿಗಿದ ಇನ್ನೊಂದು ಕೆಂಪು. ಬುಲೆಟ್ಟು ಹೊಸದಾಗಿದ್ದಾಗ ಹೊಳಲ್ಕೆರೆ ಕಡೆ ಒಂದು ಹೆಣ್ಣು ನೋಡಲು ಹೋದವನು ಕೆಂಪನ್ನೂ ಕೊಂಡುಕೊಂಡು ಹೋಗಿದ್ದನಂತೆ, ಒಪ್ಪಿಗೆಯಾದರೆ ಹುಡುಗಿಯ ತಲೆಗೆ ಅಳತೆ ನೋಡಬಹುದು ಅಂತ. ಅಲ್ಲಿ ಉಪ್ಪಿಟ್ಟು ತಿನ್ನುತ್ತ ಹುಡುಗಿಯ ಅಪ್ಪನಿಗೆ ಕಾರ್ಬುರೇಟರ್ ಬಿಚ್ಚಿ ತೊಳೆಯುವ ವಿಧಾನವನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಅವರು ಯೋಚಿಸಿ ಹೇಳ್ತೀವಿ ಅಂದವರು ಇನ್ನೂ ಯೋಚಿಸುತ್ತಿದ್ದಾರೆ. ಹೆಲ್ಮೆಟ್ಟು ಮಾತ್ರ ಉಳಿಯಿತು. ಅದರ ಗಾಜಿಗೆ ಅಂಗಡಿಯವರು ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅವನು ಕಿತ್ತಿರಲಿಲ್ಲ. ಪ್ರತಿ ಭಾನುವಾರ ಒರೆಸುತ್ತಿದ್ದ.

ಎಲ್ಲಾ ಶುರುವಾದದ್ದು ಹೊಸದುರ್ಗದ ಸರ್ಕಲ್ಲಿನಲ್ಲಿ. ಅಲ್ಲಿ ಕಾನ್‌ಸ್ಟೇಬಲ್ ಹನುಮಂತಯ್ಯ ಕೈ ಅಡ್ಡ ಹಿಡಿದ.

“ಎರಡು ತಲೆ ಅವೇನ್ರಿ ನಿಮಗೆ?”

“ಇಲ್ಲ ಸಾರ್.”

“ಮತ್ತೆ ಎರಡು ಹೆಲ್ಮೆಟ್ ಯಾಕೆ? ನಮ್ಮ ಜನ ಒಂದನ್ನೇ ಹಾಕ್ಕಳಲ್ಲ. ಎಲ್ಲಿ ಎತ್ಕಂಡು ಬಂದ್ರಿ ಇದನ್ನ?”

ಸಂತೆಯ ದಿನ. ಬಾಳೆಹಣ್ಣಿನ ಗಾಡಿಯವರು, ಬಸ್ಸಿಗೆ ಕಾದವರು, ಬಸ್ಸು ಬಂದರೂ ಹತ್ತದವರು ಎಲ್ಲರೂ ಸುತ್ತ ನೆರೆದರು. ಇಷ್ಟು ಜನರ ಮುಂದೆ, ಹೆಣ್ಣು ಸಿಗಲಿಲ್ಲ ಸಾರ್, ಹೆಲ್ಮೆಟ್ ಉಳೀತು, ಅಂತ ಯಾವ ಗಂಡಸು ತಾನೇ ಹೇಳಿಯಾನು? ಲಕ್ಷ್ಮೀಕಾಂತ ಗಂಟಲು ಸರಿಮಾಡಿಕೊಂಡು, “ಅದು ನಮ್ಮ ಮನೆಯೋರ್ದು ಸಾರ್,” ಅಂದುಬಿಟ್ಟ.

“ಮನೆಯೋರೆಲ್ಲಿ?”

“ಮನೇಲವ್ರೆ.”

ಹನುಮಂತಯ್ಯ ಅಡ್ಡ ಹಿಡಿದ ಕೈಯನ್ನು ಇಳಿಸಿ ಎದೆಯ ಮೇಲೆ ಇಟ್ಟುಕೊಂಡ. “ನೋಡ್ರಪ್ಪ, ಹೆಂಡ್ತಿ ತಲೆ ಬಗ್ಗೆ ಇಷ್ಟು ಕಾಳಜಿ ಇರೋ ಗಂಡಸನ್ನ ನನ್ನ ಸರ್ವೀಸ್ನಾಗೆ ಇವತ್ತೇ ನೋಡಿದ್ದು,” ಅಂತ ಸಂತೆಗೆಲ್ಲ ಕೇಳುವಂತೆ ಹೇಳಿ ದಾರಿ ಬಿಡಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬ್ಯಾಗಿನ ಮೇಲಿನ ಕುರಿ ಔಷಧದ ಹೆಸರನ್ನು ಓದಿಕೊಂಡಿದ್ದ ಅವನು ಎಸ್.ಟಿ.ಡಿ. ಬೂತಿಗೆ ಹೋಗಿ ಜವನಗೊಂಡನಹಳ್ಳಿಯಲ್ಲಿದ್ದ ತನ್ನ ಅಕ್ಕ ದುರುಗಕ್ಕನಿಗೆ ಫೋನ್ ಮಾಡಿದ. ನಿಮ್ಮ ಕುರಿಗಳಿಗೆ ಔಷಧ ತರುವ ಬುಲೆಟ್ಟಿನವನಿಗೆ ಸಂಸಾರವಿದೆ, ಅದೂ ಎಂಥ ಸಂಸಾರ ಅಂತೀಯ, ಎಂದು ವರದಿ ಒಪ್ಪಿಸಿದ.

ದುರುಗಕ್ಕ ಜವನಗೊಂಡನಹಳ್ಳಿಯ ದೊಡ್ಡ ಕುರಿಹಿಂಡಿನ ಒಡತಿ. ಅವಳು ಯಾವ ಔಷಧ ಕೊಂಡರೆ ಊರೆಲ್ಲ ಅದನ್ನೇ ಕೊಳ್ಳುತ್ತಿತ್ತು. ಲಕ್ಷ್ಮೀಕಾಂತ ವರ್ಷಗಳಿಂದ ಅವಳ ಮನೆಗೆ ಹೋಗುತ್ತಿದ್ದ, ಆದರೆ ಹೋಗುತ್ತಿದ್ದದ್ದು ಜಗಲಿಯವರೆಗೆ. ನೀರು ಜಗಲಿಗೇ ಬರುತ್ತಿತ್ತು, ಟೀ ಜಗಲಿಗೇ ಬರುತ್ತಿತ್ತು. ಊರೂರು ತಿರುಗುವ, ವಯಸ್ಸು ಮೀರಿದರೂ ಮದುವೆಯಾಗದ ಗಂಡಸನ್ನು ಅಡುಗೆಮನೆ ಕಾಣುವ ಜಾಗದಲ್ಲಿ ಕೂರಿಸುವ ಪದ್ಧತಿ ಅಲ್ಲಿ ಇರಲಿಲ್ಲ. ಒಳಗೆ ಉಣ್ಣುವವರ ಮಾತು ಕೇಳಿಸುತ್ತಿತ್ತು, ಸಾರಿನ ಘಮ ಬರುತ್ತಿತ್ತು. ಇವನು ಜಗಲಿಯ ಕಂಬಕ್ಕೊರಗಿ ಬುಲೆಟ್ಟಿನ ಕಡೆ ನೋಡುತ್ತ ಕೂತಿರುತ್ತಿದ್ದ.

ಆ ವಾರ ಹೋದಾಗ ದುರುಗಕ್ಕ ಬಾಗಿಲಲ್ಲೇ ನಿಂತಿದ್ದಳು.

“ಏನಪ್ಪ ನೀನು, ಸಂಸಾರಸ್ಥ ಅಂತ ಒಂದು ಮಾತು ಹೇಳಬಾರ್ದಾ? ಇಷ್ಟು ವರ್ಷ ಹೊರಗೆ ಕುಂಡ್ರಿಸಿ ನಾನು ಪಾಪ ಕಟ್ಕಂಡೆ. ಕೈಕಾಲು ತೊಳ್ಕಂಡು ಒಳಕ್ ಬಾ.”

ಅಲ್ಲಗಳೆಯಲು ಬಾಯಿ ತೆರೆದನಂತೆ. ಅಷ್ಟರಲ್ಲಿ ತಟ್ಟೆಗೆ ಮುದ್ದೆ ಬಿತ್ತು, ಹುರುಳಿ ಸಾರು ಬಿತ್ತು. ಉಂಡು ಮುಗಿಸುವ ಹೊತ್ತಿಗೆ ದುರುಗಕ್ಕ, “ಇನ್ನರ್ಧ ಮುದ್ದೆ ಹಾಕ್ಲಾ ತಮ್ಮಾ?” ಅಂದಳು. ಅವನು ಉಣ್ಣುತ್ತಿದ್ದದ್ದೆಲ್ಲ ಹೋಟೆಲಿನಲ್ಲಿ, ಅಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ತಲೆ ಅಲ್ಲಾಡಿಸಿದ, ಬೇಕು ಅಂತಲೋ ಬೇಡ ಅಂತಲೋ ಅವನಿಗೇ ಗೊತ್ತಿರಲಿಲ್ಲ, ಅವಳು ಹಾಕಿಯೇಬಿಟ್ಟಳು. ಆ ಅರ್ಧ ಮುದ್ದೆಯ ಮೇಲೆ ನಿಜ ಹೇಳುವ ಶಕ್ತಿ ಅವನಲ್ಲಿ ಉಳಿಯಲಿಲ್ಲ. ಹೊರಡುವಾಗ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ಕುಪ್ಪಸದ ಬಟ್ಟೆ ಕೈಗಿಟ್ಟು, “ಬರಿಗೈಲಿ ಕಳಿಸಬಾರ್ದು. ಆಕೆಗೆ ಕೊಡು,” ಅಂದಳು.

ಅವನು ಅದನ್ನೆಲ್ಲ ತಂದು ನಮ್ಮ ಪಡಸಾಲೆಯಲ್ಲಿಟ್ಟು ಏನು ಮಾಡಲಿ ಅಂತ ಕೇಳಿದ. ಚಂದ್ರಕ್ಕ ತೆಂಗಿನಕಾಯಿಯನ್ನು ಆಗಲೇ ಒಳಗೆ ಒಯ್ದಾಗಿತ್ತು. ಕುಪ್ಪಸದ ಬಟ್ಟೆಗೂ ಕೈಹಾಕಿದಾಗ ಲಕ್ಷ್ಮೀಕಾಂತ ತಡೆದ. “ಅದು ಆಕೆಗೆ ಅಂತ ಕೊಟ್ಟಿದ್ದು ಚಂದ್ರಕ್ಕ,” ಅಂತ ಗಂಭೀರವಾಗಿ ಹೇಳಿ ತನ್ನ ಟ್ರಂಕಿಗೆ ಹಾಕಿಕೊಂಡ. ನಾವು ಗಂಡಹೆಂಡತಿ ಮುಖ ಮುಖ ನೋಡಿಕೊಂಡೆವು.

ಒಂದು ಸುಳ್ಳಿಗೆ ಇಷ್ಟು ಸಾಕಾಗಿತ್ತು. ಆದರೆ ಬುಲೆಟ್ಟಿನ ಆರೈಕೆ ಅಡ್ಡ ಬಂತು.

ಬುಲೆಟ್ಟಿನ ನಂಬರ್ ಪ್ಲೇಟಿಗೆ ಅವನು ಹಿತ್ತಾಳೆಯ ಅಕ್ಷರ ಹಾಕಿಸಿದ್ದ. ಹಿತ್ತಾಳೆ ಹೊಳೆಯಬೇಕೆಂದರೆ ಹುಣಸೆಹಣ್ಣೇ ಆಗಬೇಕು, ಅದೂ ಹಳೇ ಹುಣಸೆಹಣ್ಣು. ಈಗ ಒಳಗೆ ಕೂತು ಉಣ್ಣುವ ಸಲಿಗೆ ಬಂದಿತ್ತಲ್ಲ, ದುರುಗಕ್ಕನನ್ನೇ ಕೇಳಿದ.

“ಯಾರಿಗಪ್ಪ ಹುಣಸೆಹಣ್ಣು?”

“ಗಾಡಿಗೆ ಅಕ್ಕ.”

ದುರುಗಕ್ಕ ಪಕ್ಕದಲ್ಲಿದ್ದ ನೆರೆಮನೆಯ ಪುಟ್ಟಕ್ಕನ ಕಡೆ ನೋಡಿದಳು. ಪುಟ್ಟಕ್ಕ ಸೆರಗು ಬಾಯಿಗಿಟ್ಟುಕೊಂಡಳು. ಇದನ್ನು ಸ್ವಲ್ಪ ವಿವರಿಸಬೇಕು. ಹೆಂಡತಿ ಬಸುರಾದರೆ ಮೊದಲ ತಿಂಗಳುಗಳಲ್ಲಿ ಆ ಕಡೆಯವರು ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿಯಾಗುತ್ತೆ ಅಂತ. ಹುಳಿಯ ಬಯಕೆ ತೀರಿಸಬೇಕಾದ ಗಂಡ ಮಾವಿನಕಾಯಿಯನ್ನು ನೆಂಟರಿಗೆ ಅಂತಲೋ, ಹುಣಸೆಹಣ್ಣನ್ನು ಪಾತ್ರೆ ತಿಕ್ಕೋಕೆ ಅಂತಲೋ ಹೇಳಿ ಒಯ್ಯುತ್ತಾನೆ. ಕೇಳಿದವರು ನಂಬಿದಂತೆ ನಟಿಸುತ್ತಾರೆ. ಗಾಡಿಗೆ ಅಂತ ಹೇಳಿದ ಗಂಡಸು ಮಾತ್ರ ಇವನೇ ಮೊದಲಿಗ.

“ಗಾಡಿಗಂತೆ ಪುಟ್ಟಕ್ಕ.”

“ಕೊಡಕ್ಕ, ಪಾಪ, ಗಾಡಿಗೆ ಆಸೆ ಆಗೈತೆ.”

ದೊಡ್ಡ ಉಂಡೆ ಹುಣಸೆಹಣ್ಣಿನ ಜೊತೆಗೆ ಒಂದು ಜಾಡಿ ಮಾವಿನ ಉಪ್ಪಿನಕಾಯಿಯೂ ಬಂತು. ಇವನು ಉಪ್ಪಿನಕಾಯಿಯಿಂದ ಹಿತ್ತಾಳೆ ತಿಕ್ಕಬಹುದೇ ಅಂತ ನನ್ನನ್ನು ಕೇಳಿದ. ಊಟಕ್ಕೆ ಹಾಕಿಕೋ ಅಂದೆ.

ಮುಂದಿನ ಸಲ ಹಳೇ ಕಾಟನ್ ಸೀರೆ ಕೇಳಿದ. ಬುಲೆಟ್ಟಿನ ಟ್ಯಾಂಕನ್ನು ಹೊಸ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತೆ, ಒಗೆದು ಒಗೆದು ಮೆತ್ತಗಾದ ಸೀರೆಯೇ ಆಗಬೇಕು. ಇಷ್ಟನ್ನೂ ಅವನು ದುರುಗಕ್ಕನಿಗೆ ಬಿಡಿಸಿ ಹೇಳಿದ, ಟ್ಯಾಂಕು ಅಂತಲೇ ಹೇಳಿದ. ಆದರೆ ಹುಟ್ಟುವ ಕೂಸಿಗೆ ಸುತ್ತಲು ಇಡೀ ನಾಡಿನಲ್ಲಿ ಹೆಂಗಸರು ಕೂಡಿಡುವುದೂ ಅದೇ ಹಳೇ ಮೆತ್ತನೆ ಸೀರೆಯನ್ನು. ದುರುಗಕ್ಕ ತನ್ನ ಕೆಂಪಂಚಿನ ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆದು, “ನನ್ನ ಬಾಣಂತನದ ಕಾಲದ್ದು. ಒಳ್ಳೇ ಗುಣ ಐತೆ ಇದಕ್ಕೆ. ಟ್ಯಾಂಕಿಗೆ ಸುತ್ತು,” ಅಂದಳು. ಆಮೇಲೆ ಚರ್ಮದ ಬ್ಯಾಗು ಒಡೆಯದಂತೆ ಸವರಲು ಹರಳೆಣ್ಣೆ ಬೇಕಾಯಿತು. ಎಳೇ ಕೂಸಿನ ನೆತ್ತಿಗೆ ಹಚ್ಚುವುದೂ ಹರಳೆಣ್ಣೆಯೇ. ದುರುಗಕ್ಕ ಗಾಣದಿಂದ ಹೊಸದಾಗಿ ತರಿಸಿ ಕೊಟ್ಟಳು. ಅವನು ಸುಳ್ಳು ಹೇಳಿದ್ದು ಒಂದೇ ಸಲ. ಅಲ್ಲಿಂದ ಮುಂದೆ ಬಾಯಿಬಿಟ್ಟಾಗಲೆಲ್ಲ ನಿಜವನ್ನೇ ಹೇಳುತ್ತಿದ್ದ, ಹೇಳಿದಷ್ಟೂ ಆಕೆಯ ತಿಂಗಳುಗಳು ತುಂಬುತ್ತಿದ್ದವು.

ಸುದ್ದಿ ಹಿರಿಯೂರಿನ ಕುರಿ ಸಂತೆಯಿಂದ ಹೊಳಲ್ಕೆರೆ ತಾಲೂಕಿಗೂ ದಾಟಿತು. ಹೊರಕೆರೆದೇವಪುರದ ಆಚೆ ಒಂದು ಹಟ್ಟಿಯಲ್ಲಿ ಯತ್ತಪ್ಪ, ಜುಂಜಮ್ಮ ಎಂಬ ಗಂಡಹೆಂಡತಿ ಕುರಿ ಸಾಕಿಕೊಂಡಿದ್ದರು. ಅವರ ಬಾಗಿಲ ಮುಂದೆಯೇ ಬುಲೆಟ್ಟಿಗೆ ಕಾರೆ ಮುಳ್ಳು ಚುಚ್ಚಿತು. ಲಕ್ಷ್ಮೀಕಾಂತ ಪಂಕ್ಚರ್ ಹಾಕಿ, ಬಿಸಿಲಿಗೆ ಟ್ಯೂಬು ಟೈರಿಗೆ ಅಂಟಿಕೊಳ್ಳದಿರಲೆಂದು ಬ್ಯಾಗಿನಿಂದ ಪೌಡರ್ ಡಬ್ಬಿ ತೆಗೆದು ಸವರತೊಡಗಿದ. ನುಣ್ಣನೆಯ ಪೌಡರೇ ಆಗಬೇಕು, ಮತ್ತು ಎಲ್ಲಕ್ಕಿಂತ ನುಣ್ಣನೆಯದು ಕೂಸಿನ ಪೌಡರು. ಡಬ್ಬಿಯ ಮೇಲೆ ಹಲ್ಲಿಲ್ಲದ ಕೂಸೊಂದು ನಗುತ್ತಿತ್ತು.

“ಈಗ್ಲೇ ಡಬ್ಬಿ ತಂದಿಟ್ಕಂಡವ್ನೆ ನೋಡು,” ಅಂದಳು ಜುಂಜಮ್ಮ.

“ಟ್ಯೂಬಿಗೆ ಹಚ್ತಾ ಅವ್ನಲ್ಲೇ,” ಅಂದ ಯತ್ತಪ್ಪ.

“ಅಭ್ಯಾಸ ಮಾಡ್ಕಳ್ತಾ ಅವ್ನೆ. ನೀನು ಒಂದಿನಾನಾರ ಮಾಡಿದ್ಯಾ?”

ಯತ್ತಪ್ಪ ತಲೆ ತಗ್ಗಿಸಿದ. ಜುಂಜಮ್ಮ ಮರಿಕುರಿಯ ಮೊದಲ ಉಣ್ಣೆಯಲ್ಲಿ ಮಾಡಿಸಿದ ಸಣ್ಣ ಕಂಬಳಿಯೊಂದನ್ನು ತಂದು, ಇದನ್ನೂ ಗಾಡಿಗೆ ಇಟ್ಕೊ ಅಂತ ನಗದೆ ಹೇಳಿದಳು. ಆ ಕಂಬಳಿಯೂ ಟ್ರಂಕು ಸೇರಿತು.

ಒಂದು ಸಂಜೆ ಎಂಜಿನ್ ಆರುವುದನ್ನು ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದವನು ನನ್ನನ್ನು ಕಂಡು ಗಾಳಿಯ ವಿಷಯ ಎತ್ತಲಿಲ್ಲ. “ಮೇಷ್ಟ್ರೇ, ಆಕೆಗೆ ದಿನ ತುಂಬ್ತಾ ಬಂತಂತೆ,” ಅಂದ. ಬೇರೆ ಯಾರದ್ದೋ ಮನೆಯ ಸಮಾಚಾರದಂತೆ ಹೇಳಿದ.

“ಹೋಗಿ ನಿಜ ಹೇಳಿಬಿಡು,” ಅಂದೆ.

“ಹೇಳಿದ್ರೆ ಮತ್ತೆ ಜಗಲಿ ಮೇಲೆ ಕೂರಬೇಕು ಮೇಷ್ಟ್ರೇ.”

ಅವನ ಭಯ ಅಷ್ಟೇ. ಔಷಧದ ವ್ಯಾಪಾರ ಹೋಗುತ್ತೆ ಅಂತಲ್ಲ, ಮರ್ಯಾದೆ ಹೋಗುತ್ತೆ ಅಂತಲೂ ಅಲ್ಲ. ವಾರಕ್ಕೊಂದು ಸಲ ಗೋಡೆಯ ಒಳಗೆ ಕೂತು ಉಣ್ಣುವ ಒಂದು ಊಟ ಅವನಿಗಿತ್ತು, ಅದು ಹೋಗುತ್ತೆ ಅಂತ. ನನಗೆ ಬೇಸರವಾಯಿತು. ಬೇಸರವಾದಾಗ ನನಗೆ ಬುದ್ಧಿ ಸರಿಯಾಗಿ ಓಡುವುದಿಲ್ಲ.

“ಹಂಗಾದ್ರೆ ಒಂದು ಕೆಲಸ ಮಾಡು. ತೀರಿಕೊಂಡ್ಲು ಅಂತ ಹೇಳಿಬಿಡು. ಎಲ್ಲಾ ಒಂದೇ ಸಲ ಮುಗಿಯುತ್ತೆ.”

ಲಕ್ಷ್ಮೀಕಾಂತ ಎದ್ದು ನಿಂತ. “ಎಂಥ ಮಾತಾಡ್ತೀರಿ ಮೇಷ್ಟ್ರೇ. ಪಾಪ, ಆಕೆ ಏನು ಮಾಡಿದ್ಲು?”

ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಸಲಹೆ ಇಲ್ಲದೆ ನನ್ನ ಸೈಕಲ್ಲಿನ ಚೈನು ಕಿರುಗುಟ್ಟತೊಡಗಿತು. ಆ ವಾರದಲ್ಲಿ ಅವನೇ ಯೋಚಿಸಿ ಒಂದು ಉಪಾಯ ಹುಡುಕಿಕೊಂಡ. ಆಕೆ ತವರಿಗೆ ಹೋಗಿದ್ದಾಳೆ ಅಂತ ದುರುಗಕ್ಕನಿಗೆ ಹೇಳಿದ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. “ತವರಿನಾಗೆ ಯಾರ್ಯಾರವ್ರೆ?” ಅಂತ ಅವಳು ಕೇಳಿದಳು. ಇವನಿಗೆ ತನ್ನ ಮನೆಯದೇ ನೆನಪಾಯಿತೋ ಏನೋ, “ಯಾರೂ ಇಲ್ಲಕ್ಕ,” ಅಂದ.

ದುರುಗಕ್ಕ ಸೌಟು ಕೆಳಗಿಟ್ಟಳು.

“ಯಾರೂ ಇಲ್ದಿದ್ದ ತವರಿಗೆ ತುಂಬಿದ ಬಸ್ರೀನ ಕಳ್ಸಿದೀಯಾ? ಬುದ್ಧಿ ಐತಾ ನಿಂಗೆ? ಆಕೆಗೆ ಮಡ್ಲಕ್ಕಿ ಕಟ್ಟೋರು ಯಾರು, ಬಳೆ ತೊಡಿಸೋರು ಯಾರು? ಹೋಗು, ನಾಳೇನೇ ವಾಪಸ್ ಕರ್ಕಂಡು ಬಾ. ನಾವೇ ಆಕೆಗೆ ತವರು ಅಂದ್ಕ.”

ಈ ಮಾತನ್ನು ಅವನು ಸುಮ್ಮನೆ ಗದರಿದ್ದು ಅಂದುಕೊಂಡ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ಒಂದು ಟೆಂಪೋ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಇಸ್ತ್ರಿಯ ಬಿಳಿ ಬಟ್ಟೆಯಲ್ಲಿ ಕಾನ್‌ಸ್ಟೇಬಲ್ ಹನುಮಂತಯ್ಯ. ಹಿಂದೆ ದುರುಗಕ್ಕ, ಪುಟ್ಟಕ್ಕ, ಕುರಿ ಸಂತೆಯಲ್ಲಿ ಸುದ್ದಿ ಕೇಳಿ ಜೊತೆಗೂಡಿದ ಜುಂಜಮ್ಮ, ಯತ್ತಪ್ಪ. ಅವರ ನಡುವೆ ಹೋಳಿಗೆಯ ಬುಟ್ಟಿ, ಚಿತ್ರಾನ್ನದ ಪಾತ್ರೆ, ಹೂವು, ಹಸಿರು ಬಳೆ. ಬೀದಿಯವರಿಗೆ ಬುಲೆಟ್ ಲಕ್ಷ್ಮೀಕಾಂತನ ಮನೆ ತೋರಿಸುವುದು ಕಷ್ಟವಾಗಲಿಲ್ಲ, ತೋರಿಸಿದವರೆಲ್ಲ ಹಿಂದೆಯೇ ಬಂದರು. ಚಂದ್ರಕ್ಕ ಬಾಗಿಲಿಗೆ ಬಂದಳು.

“ಎಲ್ಲಮ್ಮ ನಮ್ಮ ಹುಡುಗಿ? ಕರ್ಕಂಡು ಬಂದನಾ?” ಅಂದಳು ದುರುಗಕ್ಕ.

ಚಂದ್ರಕ್ಕ ನನ್ನ ಮುಖ ನೋಡಿದಳು. ನಾನು ಜೋಗಿಮಟ್ಟಿಯ ಗುಡ್ಡ ನೋಡಿದೆ. ಡ್ರಾಯಿಂಗ್ ಮೇಷ್ಟ್ರಿಗೆ ಗುಡ್ಡ ನೋಡುವ ಹಕ್ಕು ಯಾವಾಗಲೂ ಇರುತ್ತದೆ.

ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಬುಲೆಟ್ಟಿನ ಚಕ್ರ ಬಿಚ್ಚಿತ್ತು. ಟ್ಯೂಬು ಪೌಡರ್ ಬಳಿದುಕೊಂಡು ಚಾಪೆಯ ಮೇಲೆ ಮಲಗಿತ್ತು. ಕೆಂಪಂಚಿನ ಸೀರೆಯನ್ನು ಸಮನಾಗಿ ಹರಿದು, ಅಂಚು ಮಡಿಸಿ, ಟ್ಯಾಂಕಿನ ಮೇಲೆ ಹೊದಿಸಿತ್ತು. ತೆರೆದ ಟ್ರಂಕಿನಲ್ಲಿ ದುರುಗಕ್ಕ ಸಲಸಲಕ್ಕೂ ಕೊಟ್ಟ ಕುಪ್ಪಸದ ಬಟ್ಟೆಗಳು ಮಡಿಕೆ ಕೆಡದೆ ಒಂದರ ಮೇಲೊಂದು, ಮೇಲೆ ಆ ಸಣ್ಣ ಕಂಬಳಿ. ಲಕ್ಷ್ಮೀಕಾಂತ ಹರಳೆಣ್ಣೆಯ ಕೈಯಲ್ಲಿ ಎದ್ದು ನಿಂತ.

“ಮನೆಯೋರೆಲ್ಲಿ?” ಅಂದ ಹನುಮಂತಯ್ಯ. ಅಭ್ಯಾಸಬಲದಿಂದ ಸರ್ಕಲ್ಲಿನ ದನಿಯೇ ಬಂತು.

“ಇಲ್ಲ ಸಾರ್.”

“ಎಲ್ಲಿಗೆ ಹೋಗವ್ರೆ?”

“ಬಂದೇ ಇಲ್ಲ ಸಾರ್.”

ಹೊರಗೆ ನಿಂತ ನಮ್ಮ ಬೀದಿಗೆ ನಗುವ ಅವಕಾಶ ಅದು. ಯಾರೂ ನಗಲಿಲ್ಲ. ದುರುಗಕ್ಕ ಒಳಗೆ ಹೋಗಿ ಟ್ಯಾಂಕಿನ ಮೇಲಿನ ಬಟ್ಟೆಯನ್ನು ಮುಟ್ಟಿ ನೋಡಿದಳು.

“ಇದು ನನ್ನ ಸೀರೆ.”

“ಹೌದಕ್ಕ. ಗಾಡಿಗೆ ಅಂತ ಹೇಳಿದ್ನಲ್ಲ.”

“ಹೇಳಿದ್ದೆ. ಎಲ್ಲಾನೂ ಗಾಡಿಗೆ ಅಂತ್ಲೇ ಹೇಳಿದ್ದೆ.” ಮಡಿಸಿದ ಅಂಚನ್ನು ಬೆರಳಲ್ಲಿ ಸವರಿದಳು. “ನಾನು ಆಕೆಗೆ ಮನಸ್ನಾಗೆ ಒಂದು ಹೆಸರು ಇಟ್ಕಂಡಿದ್ದೆ ಕಣೋ.”

ಅಷ್ಟು ಹೇಳಿ ಹೊರಗೆ ಹೋಗಿ ಟೆಂಪೋ ಹತ್ತಿ ಕೂತಳು. ಲಕ್ಷ್ಮೀಕಾಂತ ಹಿಂದೆ ಹೋಗಲು ಹೆಜ್ಜೆ ಇಟ್ಟ, ಆದರೆ ಬಾಗಿಲ ತುಂಬ ಜನ. ಜುಂಜಮ್ಮನಿಗೆ ಬೇರೆಯೇ ಸಂಕಟ. ಮಡಿಲಿಗೆ ಅಂತ ತಂದ ಅಕ್ಕಿಯನ್ನು ಹೊಸ್ತಿಲು ದಾಟಿಸಿದ ಮೇಲೆ ವಾಪಸ್ ಒಯ್ಯುವಂತಿಲ್ಲ, ಒಯ್ದರೆ ಕೊಟ್ಟ ಮನೆಗೂ ಕೇಡು, ತಗೊಂಡ ಮನೆಗೂ ಕೇಡು. ಮಡಿಲೇ ಇಲ್ಲದ ಮನೆಯಲ್ಲಿ ಅದನ್ನು ಎಲ್ಲಿ ಸುರಿಯುವುದು? ಸುತ್ತ ನೋಡಿದಳು. ಕೆಂಪು ಹೆಲ್ಮೆಟ್ಟು ಕಂಡಿತು. ಅದನ್ನು ಅಂಗಾತ ತಿರುಗಿಸಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ವೀಳ್ಯದೆಲೆ ತುಂಬಿ, ಹಸಿರು ಬಳೆಯನ್ನು ಮೇಲಿಟ್ಟು, ಅದಕ್ಕೇ ಕುಂಕುಮ ಹಚ್ಚಿ ಕೈಮುಗಿದಳು. ಯತ್ತಪ್ಪ ಹೊರಗೆ ಕಲ್ಲಿನ ಮೇಲೆ ಕೂತು ಹೋಳಿಗೆ ಶುರುಮಾಡಿದ್ದ. ತಂದ ಅಡುಗೆ ಕೆಡಬಾರದೆಂದು ಕೊನೆಗೆ ನಮ್ಮ ಬೀದಿಯೆಲ್ಲ ಕೂತು ಉಂಡಿತು. ಉಣ್ಣದವರು ಇಬ್ಬರೇ, ಟೆಂಪೋದಲ್ಲಿದ್ದವಳು ಮತ್ತು ಬುಲೆಟ್ಟಿನ ಪಕ್ಕ ನಿಂತವನು.

ಆಮೇಲೆ ಲಕ್ಷ್ಮೀಕಾಂತ ಜವನಗೊಂಡನಹಳ್ಳಿಗೆ ಹೋಗುವುದನ್ನು ಬಿಟ್ಟ. ಸಂಜೆ ಬರುತ್ತಿದ್ದ, ಎಂಜಿನ್ ಆರುವ ತನಕ ಕೂರುತ್ತಿದ್ದ, ಮಾತಿಲ್ಲ. ನಾನೇ ಒಂದು ದಿನ ಹತ್ತಿರ ಹೋಗಿ, ಚೈನು ಎಷ್ಟು ಅಂಗುಲ ಏಳಬೇಕು ಅಂತ ಕೇಳಿದೆ. “ಒಂದು,” ಅಂದ. ಅಷ್ಟೇ. ಅವನಿಂದ ನಾನು ಕೇಳಿದ ಅತಿ ಸಣ್ಣ ಉತ್ತರ ಅದು.

ಆದರೆ ಆ ಊರಿನ ಆಚೆಯ ಹಟ್ಟಿಗಳಿಗೆ ಔಷಧ ಮುಟ್ಟಿಸಲೇಬೇಕಾಗಿತ್ತು, ದಾರಿ ಇದ್ದದ್ದು ದುರುಗಕ್ಕನ ಮನೆ ಮುಂದೆಯೇ. ಬುಲೆಟ್ಟಿನ ಸದ್ದು ಎರಡು ಊರಿಗೆ ಮೊದಲೇ ಕೇಳುತ್ತೆ. ಲಕ್ಷ್ಮೀಕಾಂತ ಊರ ಮುಂದಿನ ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿದ. ಚೈನಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದ, ಗಾಳಿ ತಂಪೊತ್ತಿನಲ್ಲಿ ಹಿಡಿಸಿದ್ದ. ಬುಲೆಟ್ಟು ಕಳ್ಳನ ಹಾಗೆ ಸದ್ದಿಲ್ಲದೆ ಉರುಳಿತು, ಗರಡಿಮನೆ ದಾಟಿತು, ಪುಟ್ಟಕ್ಕನ ಮನೆ ದಾಟಿತು. ಅಲ್ಲಿಗೆ ಇಳಿಜಾರು ಮುಗಿದಿತ್ತು. ನಿಧಾನವಾಗಿ, ಬಹಳ ಮರ್ಯಾದೆಯಿಂದ, ದುರುಗಕ್ಕನ ಬಾಗಿಲ ಮುಂದೆ ನಿಂತಿತು.

ಅವಳು ಕೈಯಲ್ಲಿ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಹಿರಿಯೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾಗಿತ್ತು, ಬಸ್ಸು ಆಗ ತಾನೇ ಹೋಗಿತ್ತು. ಇವನು ಇಳಿದು ತಳ್ಳತೊಡಗಿದ.

“ಕೆಟ್ಟೈತಾ?”

“ಇಲ್ಲಕ್ಕ.”

“ಮತ್ಯಾಕೆ ತಳ್ತೀಯಾ? ನಾನೇನು ಹುಲೀನಾ?”

ಇವನು ತಳ್ಳುವುದನ್ನು ನಿಲ್ಲಿಸಿದ. ಅವಳು ಹತ್ತಿರ ಬಂದು ಕೈ ಚಾಚಿದಳು.

“ಕೊಡು ಅದನ್ನ.”

“ಯಾವುದನ್ನ?”

“ಆಕೇದು.”

ಲಕ್ಷ್ಮೀಕಾಂತ ಬೆಲ್ಟು ಬಿಚ್ಚಿ ಕೆಂಪು ಹೆಲ್ಮೆಟ್ಟು ಕೊಟ್ಟ. ಮೂಲೆಯಲ್ಲಿ ಎರಡು ಅಕ್ಕಿಕಾಳು ಇನ್ನೂ ಸಿಕ್ಕಿಕೊಂಡಿದ್ದವು. ಅವಳು ಅವನ್ನು ತೆಗೆದು ಬಾಯಿಗೆ ಹಾಕಿಕೊಂಡಳು. ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯಲ್ಲಿ ದಾರಿ ಕಾಣುವುದಿಲ್ಲ ಅಂತ ಪರ್ರನೆ ಕಿತ್ತೆಸೆದು, ಎಣ್ಣೆ ಹಚ್ಚಿ ಬಾಚಿದ ತಲೆಗೆ ಹಾಕಿಕೊಂಡು, ಅದರ ಮೇಲೆ ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಕೂತಳು. ಹಿಂದಿನ ಸೀಟಿಗೆ ಭಾರ ಬಿದ್ದರೆ ಬುಲೆಟ್ಟು ಹೇಗೆ ಓಡುತ್ತೆ ಅಂತ ಲಕ್ಷ್ಮೀಕಾಂತನಿಗೆ ಅವತ್ತೇ ಗೊತ್ತಾದದ್ದು. ಮೊದಲ ತಿರುವಿನಲ್ಲಿ ವಾಲಾಡಿದನಂತೆ. ಆಮೇಲೆ ಅವನ ಬಾಯಿ ಬಿಚ್ಚಿಕೊಂಡಿತು. ಬ್ರೇಕು, ಕ್ಲಚ್ಚು, ಧೂಳಿನ ದಾರಿಯಲ್ಲಿ ಫಿಲ್ಟರು, ಹಿಂದೆ ಕೂತವರು ತಿರುವಿನಲ್ಲಿ ಹೇಗೆ ವಾಲಬೇಕು, ಎಲ್ಲವನ್ನೂ ಹಿರಿಯೂರು ಮುಟ್ಟುವ ತನಕ ಹೇಳಿದ. ಅವಳು ಇಳಿದು ಹೋಗುವ ಹಾಗಿರಲಿಲ್ಲ.

ಆಸ್ಪತ್ರೆಯ ಮುಂದೆ ಹೆಲ್ಮೆಟ್ಟು ತೆಗೆದು ಕೈಗಿಟ್ಟಳು. “ಹೋಗಪ್ಪ, ಬರೋವಾಗ ಬಸ್ಸೈತೆ. ಬರೋ ವಾರ ಕುರಿಗೆ ಔಷಧ ತಗಂಬಾ.”

ಇವನು ಹೋಗಲಿಲ್ಲ. ಕೇಳಲೋ ಬೇಡವೋ ಅಂತ ನಿಂತಿದ್ದು ಕೊನೆಗೆ ಕೇಳಿದ.

“ಅಕ್ಕ, ಬಂದ್ರೆ ಒಳಗೋ, ಜಗಲಿ ಮೇಲೋ?”

ದುರುಗಕ್ಕ ಅವನ ಮುಖ ನೋಡದೆ ಚೀಲದಲ್ಲಿ ಚೀಟಿ ಹುಡುಕುತ್ತ ಹೇಳಿದಳು. “ಜಗಲಿ ತುಂಬ ಹುಣಸೆಹಣ್ಣು ಒಣಾಕೀನಿ. ಅಲ್ಲಿ ಕುಂತ್ಕಳಾಕೆ ಜಾಗ ಇಲ್ಲ.”

ವಾಪಸ್ಸು ಅಷ್ಟು ದೂರವನ್ನೂ ಅವನು ಒಬ್ಬನೇ ಬಂದ. ಹೆಲ್ಮೆಟ್ಟು ಹಿಂದಿನ ಸೀಟಿಗೆ ಬಿಗಿದುಕೊಂಡೇ ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಬಚ್ಚಲಿಗೆ ಹೋಗುವಾಗ ಅವನು ಎಲ್ಲವನ್ನೂ ಹೊರಗಿಟ್ಟುಕೊಂಡು ಕೂತಿದ್ದ. ಹಿತ್ತಾಳೆಗೆ ಹುಣಸೆಹಣ್ಣು ಆಗಿತ್ತು, ಬ್ಯಾಗಿಗೆ ಹರಳೆಣ್ಣೆ ಆಗಿತ್ತು, ಟ್ಯಾಂಕಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಕೆಂಪು ಹೆಲ್ಮೆಟ್ಟು ಮಾತ್ರ ಪಕ್ಕದಲ್ಲಿ ಹಾಗೇ ಇತ್ತು. ಎತ್ತಿ ನೋಡಿದೆ. ಒಳಗಿನ ಸ್ಪಂಜು ಒಂದು ತಲೆಯ ಅಳತೆಗೆ ಒತ್ತಿಕೊಂಡಿತ್ತು. ಎಣ್ಣೆ ಜಿಡ್ಡು ಇಳಿದು ಕಪ್ಪಗೆ ಕಲೆಯಾಗಿತ್ತು, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು.

“ಎಣ್ಣೆ ಜಿಡ್ಡು ಬಿಟ್ರೆ ಸ್ಪಂಜು ಹಾಳಾಗುತ್ತೆ ಅಂತ ನೀನೇ ಹೇಳಿದ್ದೆಯಲ್ಲಪ್ಪ,” ಅಂದೆ.

“ಹಾಳಾಗುತ್ತೆ ಮೇಷ್ಟ್ರೇ,” ಅಂದ.

ಒರೆಸಲಿಲ್ಲ.